ತಲೆ ಎಣಿಸಿದರೆ ಸಾಕೇ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಜುಲೈ 11ರ ವಿಶ್ವ ಜನಸಂಖ್ಯಾ ದಿನದ ಸಂದರ್ಭದಲ್ಲಿ ಜನಸಂಖ್ಯೆ ಮತ್ತು ಪರಿಸರದ ಬಗ್ಗೆ ಪ್ರಶ್ನೆ ಕಳುಹಿಸಿರೆಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಮುಂಬಯಿ ಮತ್ತು ಅದರ ಸುತ್ತಿನ ಡೊಂಬಿವಲಿ, ಘಾಟ್‌ಕೋಪರ್, ಮುಲುಂಡ್, ವಸಾಯಿ ಕಡೆಯವು. ‘ಜನ ವಿಪರೀತ ಹೆಚ್ಚಿದ್ದಾರೆ’ ಎಂಬ ಮಾತು ಎಲ್ಲ ಪತ್ರಗಳಲ್ಲೂ ಇದೆ. ಆದರೆ ಆ ಜನರಲ್ಲಿ ಪತ್ರ ಬರೆದವರೂ ಸೇರಿದ್ದಾರೆಂದು ಒಪ್ಪಿಕೊಂಡ ಪತ್ರ ಒಂದೇ ಒಂದು. ಅದನ್ನು ಕೊನೆಗೆ ಇಟ್ಟಿದ್ದೇನೆ. ಉಳಿದವುಗಳಲ್ಲಿ ಐದನ್ನು ಆರಿಸಿ, ಹೆಸರು ಬಿಟ್ಟು, ಸಾರಾಂಶವನ್ನಷ್ಟೇ ಇಲ್ಲಿ ಕೊಟ್ಟಿದೆ.

ಪ್ರಶ್ನೆ: ನನ್ನ ಮಗ ದಿನವೂ ಲೋಕಲ್ ಗಾಡಿಯ ಬಾಗಿಲಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗುತ್ತಾನೆ. ರಸ್ತೆ, ಆಸ್ಪತ್ರೆ, ಶಾಲೆ, ಎಲ್ಲಿ ನೋಡಿದರೂ ನೂಕುನುಗ್ಗಲು. ಎರಡಕ್ಕಿಂತ ಹೆಚ್ಚು ಮಕ್ಕಳಾಗಬಾರದೆಂದು ಕಟ್ಟುನಿಟ್ಟಾದ ಕಾನೂನು ತಂದರೆ ಪರಿಸರ ಉಳಿಯುವುದಿಲ್ಲವೇ?
– ಗೃಹಿಣಿ, ಡೊಂಬಿವಲಿ

ಉತ್ತರ: ನೀವು ಬಯಸುವ ಕಾನೂನು ಯಾವ ಕೆಲಸ ಮಾಡಬೇಕೆಂದು ನಿರೀಕ್ಷಿಸುತ್ತೀರೋ ಆ ಕೆಲಸದ ಬಹುಪಾಲು ಕಾನೂನಿಲ್ಲದೆಯೇ ಆಗಿಹೋಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಒಬ್ಬ ಮಹಿಳೆಗೆ ಸರಾಸರಿ 2.0 ಮಕ್ಕಳು, 1992–93ರಲ್ಲಿ ಇದು 3.4 ಇತ್ತು. ಒಂದು ಪೀಳಿಗೆಯ ಜಾಗವನ್ನು ಮುಂದಿನ ಪೀಳಿಗೆ ಹೆಚ್ಚುಕಡಿಮೆಯಿಲ್ಲದೆ ತುಂಬಬೇಕಾದರೆ ಸುಮಾರು 2.1 ಬೇಕು. ಮಹಾರಾಷ್ಟ್ರದಲ್ಲಿ ಇದು 1.7, ಕರ್ನಾಟಕದಲ್ಲಿಯೂ 1.7, ಗೋವಾದಲ್ಲಿ 1.3. ಇಲ್ಲೊಂದು ಸ್ವಾರಸ್ಯವಿದೆ. ಮಹಾರಾಷ್ಟ್ರದಲ್ಲಿ ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲುವಂತಿಲ್ಲವೆಂಬ ನಿಯಮವಿದೆ, ಕರ್ನಾಟಕದಲ್ಲಿ ಅಂಥದ್ದಿಲ್ಲ. ಆದರೂ ಎರಡೂ ರಾಜ್ಯಗಳು ಒಂದೇ ಅಂಕಿಗೆ ಬಂದು ನಿಂತಿವೆ. ಹೆಣ್ಣುಮಕ್ಕಳು ಶಾಲೆ ಕಲಿತದ್ದು, ಹುಟ್ಟಿದ ಮಕ್ಕಳು ಉಳಿಯುತ್ತಾರೆಂಬ ಭರವಸೆ ಬಂದದ್ದು, ಗರ್ಭನಿರೋಧದ ಸಾಧನಗಳು ಕೈಗೆ ಸಿಕ್ಕಿದ್ದು, ಇವೇ ಹೆಚ್ಚಿನ ಕೆಲಸ ಮಾಡಿವೆ. ಈ ವಿಷಯದಲ್ಲಿ ನಾವು ಹೊಸಬರೂ ಅಲ್ಲ. ರಘುನಾಥ ಧೋಂಡೋ ಕರ್ವೆಯವರು ಇದೇ ಮುಂಬಯಿಯಲ್ಲಿ 1921ರಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರ ತೆರೆದು ಊರವರಿಂದ ಬೈಸಿಕೊಂಡರು; 1930ರಲ್ಲಿ ಮೈಸೂರು ಸಂಸ್ಥಾನವು ಸರ್ಕಾರದ ವತಿಯಿಂದಲೇ ಇಂಥ ಚಿಕಿತ್ಸಾಲಯಗಳನ್ನು ಆರಂಭಿಸಿತು.

ಹಾಗಿದ್ದರೂ ಜನಸಂಖ್ಯೆ ಏಕೆ ಏರುತ್ತಿದೆಯೆಂದು ನೀವು ಕೇಳಬಹುದು. ಹಿಂದೆ ಹೆಚ್ಚು ಸಂಖ್ಯೆಯಲ್ಲಿ ಹುಟ್ಟಿದ ಮಕ್ಕಳು ಈಗ ತಾಯಿತಂದೆಯರಾಗುವ ವಯಸ್ಸಿನಲ್ಲಿದ್ದಾರೆ. ಅವರು ತಲಾ ಎರಡೇ ಮಕ್ಕಳನ್ನು ಹೆತ್ತರೂ ಒಟ್ಟು ಹುಟ್ಟುವವರ ಸಂಖ್ಯೆ ಸಾಯುವವರ ಸಂಖ್ಯೆಗಿಂತ ಕೆಲವು ದಶಕ ಹೆಚ್ಚೇ ಇರುತ್ತದೆ. ಬ್ರೇಕ್ ಹಾಕಿದ ಮೇಲೂ ಲೋಕಲ್ ಗಾಡಿ ಪ್ಲಾಟ್‌ಫಾರ್ಮಿನ ತುದಿಯವರೆಗೆ ಹೋಗಿಯೇ ನಿಲ್ಲುವುದಿಲ್ಲವೇ?

ನಿಮ್ಮ ಮಗನ ನೂಕುನುಗ್ಗಲಿಗೆ ಕಾರಣ ಬೇರೆಯೇ ಇದೆ. 2001 ಮತ್ತು 2011ರ ಜನಗಣತಿಗಳ ನಡುವೆ ಕೊಲಾಬಾದಿಂದ ಮಾಹೀಮ್–ಸಾಯನ್‌ವರೆಗಿನ ದ್ವೀಪನಗರದ ಜನಸಂಖ್ಯೆ ಏರಲಿಲ್ಲ, ಇಳಿಯಿತು: 33.4 ಲಕ್ಷದಿಂದ 30.9 ಲಕ್ಷಕ್ಕೆ. ಅದೇ ಹತ್ತು ವರ್ಷಗಳಲ್ಲಿ ಡೊಂಬಿವಲಿಯೂ ಸೇರಿದ ಅಂದಿನ ಥಾಣೆ ಜಿಲ್ಲೆ 81 ಲಕ್ಷದಿಂದ 1.1 ಕೋಟಿಗೆ ಹಿಗ್ಗಿತು. ಬಟ್ಟೆ ಗಿರಣಿಗಳ ಜಾಗದಲ್ಲಿ ಕಚೇರಿಗಳೂ ಗೋಪುರಗಳೂ ಎದ್ದವು, ಚಾಳಿನವರು ಬಾಡಿಗೆ ತೆರಲಾರದೆ ಕಲ್ಯಾಣ, ವಿರಾರ್ ಕಡೆ ಸರಿದರು, ಕೆಲಸ ಮಾತ್ರ ಹೆಚ್ಚುಪಾಲು ದಕ್ಷಿಣದಲ್ಲೇ ಉಳಿಯಿತು. ಇದು ಹೆರಿಗೆಯ ಲೆಕ್ಕವಲ್ಲ, ಭೂಮಿಯ ಬೆಲೆಯ ಲೆಕ್ಕ. ಆದರೂ ಒಂದು ಮಾತು ಹೇಳಬೇಕು: ಕೊರೊನಾಕ್ಕೆ ಮೊದಲು ಮುಂಬಯಿಯ ಉಪನಗರ ರೈಲುಗಳಲ್ಲಿ ದಿನಕ್ಕೆ ಸುಮಾರು 75 ಲಕ್ಷ ಪ್ರಯಾಣಗಳು ನಡೆಯುತ್ತಿದ್ದವು. ಅಷ್ಟು ಜನ ಕಾರು, ಸ್ಕೂಟರುಗಳಲ್ಲಿ ಹೊರಟಿದ್ದರೆ ಈ ನಗರದ ಗಾಳಿ ಏನಾಗುತ್ತಿತ್ತೆಂದು ಯೋಚಿಸಿ. ಒತ್ತೊತ್ತಾಗಿ ಬದುಕುವವರು ಪರಿಸರಕ್ಕೆ ಹೆಚ್ಚು ಭಾರವೆಂಬ ನಮ್ಮ ನಂಬಿಕೆ ಎಲ್ಲ ಕಡೆಯೂ ನಿಲ್ಲುವುದಿಲ್ಲ.

ಪ್ರಶ್ನೆ: ಅಜ್ಜ 1950ರ ಸುಮಾರಿಗೆ ಕಾರ್ಕಳದಿಂದ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಮಾಣಿಯಾಗಿ ಸೇರಿದರು. ಆಗ ನಲ್ಲಿಯಲ್ಲಿ ಯಾವಾಗಲೂ ನೀರಿರುತ್ತಿತ್ತೆಂದು ಹೇಳುತ್ತಿದ್ದರು. ನಾನು ಮೇ ತಿಂಗಳಲ್ಲಿ ಹೋಟೆಲಿಗೆ ಟ್ಯಾಂಕರ್ ತರಿಸುತ್ತೇನೆ. ಜನ ಹೆಚ್ಚಾಗಿ ಕೆರೆಗಳ ನೀರು ಸಾಲದಾಗಿರುವುದು ಸ್ಪಷ್ಟವಲ್ಲವೇ?
– ಹೋಟೆಲ್ ಮಾಲೀಕರು, ಘಾಟ್‌ಕೋಪರ್

ಉತ್ತರ: ಜನ ಹೆಚ್ಚಾದದ್ದು ನಿಜ. ಬೃಹನ್ಮುಂಬಯಿಯ ಜನಸಂಖ್ಯೆ 1951ರಲ್ಲಿ ಸುಮಾರು 30 ಲಕ್ಷ, 2011ರಲ್ಲಿ 1.24 ಕೋಟಿ, ಅಂದರೆ ಅರವತ್ತು ವರ್ಷಗಳಲ್ಲಿ ನಾಲ್ಕು ಪಟ್ಟು. ಆದರೆ ನೀರೂ ಸುಮ್ಮನಿರಲಿಲ್ಲ. ನಿಮ್ಮ ಅಜ್ಜ ಬಂದಾಗ ಊರಿಗೆ ವಿಹಾರ್, ತುಳಸಿ, ತಾನ್ಸಾ ಕೆರೆಗಳೇ ಮುಖ್ಯ ಆಧಾರ. ಇವು ಮೂರೂ 19ನೆಯ ಶತಮಾನದವು. ವಿಹಾರ್ 1860ರದು, ತಾನ್ಸಾ 1892ರದು. ಆಮೇಲೆ 1957ರಲ್ಲಿ ಮೋಡಕ್ ಸಾಗರ್, 70ರ ದಶಕದಲ್ಲಿ ಮೇಲಣ ವೈತರಣಾ, 80ರ ದಶಕದಲ್ಲಿ ಭಾತ್ಸಾ, 2014ರಲ್ಲಿ ನಡು ವೈತರಣಾ ಸೇರಿದವು. ಇಂದು ಈ ಏಳು ಜಲಾಶಯಗಳಿಂದ ದಿನಕ್ಕೆ ಸುಮಾರು 385 ಕೋಟಿ ಲೀಟರ್ ನೀರು ಹರಿದು ಬರುತ್ತದೆ, ಅದರಲ್ಲಿ ಅರ್ಧದಷ್ಟು ಭಾತ್ಸಾ ಒಂದರಿಂದಲೇ.

ಕೂಡಿಸುವ ಬದಲು ಒಮ್ಮೆ ಭಾಗಿಸಿ ನೋಡೋಣ. 385 ಕೋಟಿಯನ್ನು 1.24 ಕೋಟಿ ಜನರಿಗೆ ಹಂಚಿದರೆ ತಲೆಗೆ 310 ಲೀಟರ್ ಬರುತ್ತದೆ. 2011ರಿಂದ ಈಚೆಗೆ ಜನ ಹೆಚ್ಚಿರುವುದನ್ನು, ಹೋಟೆಲು ಕಾರ್ಖಾನೆಗಳ ಪಾಲನ್ನು, ಹಳೆಯ ಕೊಳವೆಗಳಲ್ಲಿ ಸೋರಿಹೋಗುವುದನ್ನು, ಕದ್ದು ತಿರುಗಿಸಿಕೊಳ್ಳುವುದನ್ನು ಕಳೆದರೂ, ನಗರವಾಸಿಯೊಬ್ಬನಿಗೆ ದಿನಕ್ಕೆ ಬೇಕೆಂದು ನಮ್ಮ ಇಂಜಿನಿಯರುಗಳು ಲೆಕ್ಕ ಹಾಕುವ 135 ಲೀಟರಿಗೆ ಕೊರತೆಯಾಗಬಾರದು. ಆದರೂ ಗುಡಿಸಲುಗಳ ಕೆಲವು ಝೋಪಡಪಟ್ಟಿಗಳಲ್ಲಿ ಹೆಂಗಸರು ಡ್ರಮ್ಮಿನ ನೀರನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ, ಅದೇ ರಸ್ತೆಯಾಚೆಯ ಗೋಪುರದಲ್ಲಿ ಈಜುಕೊಳವಿರುತ್ತದೆ. ತಲೆಲೆಕ್ಕ ಒಪ್ಪುತ್ತದೆ, ನಲ್ಲಿಯ ಲೆಕ್ಕ ಒಪ್ಪುವುದಿಲ್ಲ.

ಇದಕ್ಕಿಂತ ದೊಡ್ಡ ವಿಷಯ ನಗರದ ಹೊರಗಿದೆ. ತುಳಸಿ, ವಿಹಾರ್ ಕೆರೆಗಳು ನಗರದೊಳಗಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿವೆ. ಉಳಿದ ಐದು, ಶಹಾಪುರ ತಾಲ್ಲೂಕು ಮತ್ತು ಅದರ ಆಚೀಚಿನ ಬೆಟ್ಟಸಾಲುಗಳಲ್ಲಿ. ಅಲ್ಲಿ ಮಳೆಗಾಲದಲ್ಲಿ ಮಳೆ ಧೋ ಎಂದು ಸುರಿಯುತ್ತದೆ. ಮಾರ್ಚ್ ಕಳೆಯುತ್ತಿದ್ದಂತೆ ಅಲ್ಲಿಯ ಆದಿವಾಸಿಗಳ ಪುಟ್ಟ ಹಳ್ಳಿಗಳಾದ ಪಾಡಾಗಳಿಗೆ ಟ್ಯಾಂಕರ್ ಬರಬೇಕಾಗುತ್ತದೆ. ನಾನೊಮ್ಮೆ ಏಪ್ರಿಲ್ ಕೊನೆಯಲ್ಲಿ ತಾನ್ಸಾ ಕಡೆ ಹೋಗಿದ್ದಾಗ ಆಳೆತ್ತರದ ಕೊಳವೆಗಳು ಮುಂಬಯಿಯ ಕಡೆ ಸಾಲಾಗಿ ಸಾಗಿದ್ದವು, ಅವುಗಳ ಪಕ್ಕದ ಕಾಲುದಾರಿಯಲ್ಲಿಯೇ ಒಬ್ಬ ಅಜ್ಜಿ ತಲೆಯ ಮೇಲೆ ಎರಡು ಕೊಡ ಹೊತ್ತು ಮನೆಗೆ ನಡೆದಿದ್ದಳು. ಆ ಪಾಡಾಗಳಲ್ಲಿ ಜನಸಂಖ್ಯೆಯ ಸ್ಫೋಟವೇನೂ ಆಗಿಲ್ಲ. ನಗರ ಬೆಳೆದಾಗ ಅದರ ಬಾಯಾರಿಕೆ ನೂರು ಕಿಲೋಮೀಟರ್ ಆಚೆಯವರ ಬಾವಿಯನ್ನು ಮುಟ್ಟುತ್ತದೆ. ಪರಿಸರದ ಮೇಲಿನ ಪರಿಣಾಮವೆಂದರೆ ನನ್ನ ದೃಷ್ಟಿಯಲ್ಲಿ ಮೊದಲನೆಯದು ಇದು. ಇದೀಗ ಗಾರ್ಗಾಯಿ ನದಿಗೆ ಎಂಟನೆಯ ಅಣೆಕಟ್ಟಿನ ಪ್ರಸ್ತಾವವಿದ್ದು, ತಾನ್ಸಾ ಅಭಯಾರಣ್ಯದ ಕಾಡು ಮುಳುಗುವ ಕಾರಣಕ್ಕೆ ವರ್ಷಗಳಿಂದ ವಾದವಿವಾದ ನಡೆದಿದೆ. ಸೋರುವ ಕೊಳವೆಗಳನ್ನು ಮೊದಲು ಸರಿಪಡಿಸಿ ಆಮೇಲೆ ಕಾಡು ಕೇಳಿದರೆ ಒಪ್ಪಬಹುದಿತ್ತೇನೋ.

ಪ್ರಶ್ನೆ: 2005ರ ಜುಲೈ 26ರ ಪ್ರವಾಹಕ್ಕೆ ಮೀಠಿ ನದಿಯ ದಂಡೆಯ ಮೇಲೆ ಗುಡಿಸಲು ಹಾಕಿಕೊಂಡ ಜನರೇ ಕಾರಣವೆಂದು ನಮ್ಮ ವಸತಿ ಸೊಸೈಟಿಯಲ್ಲಿ ಎಲ್ಲರೂ ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?
– ಸೊಸೈಟಿಯ ಕಾರ್ಯದರ್ಶಿ, ಅಂಧೇರಿ

ಉತ್ತರ: ಅವರೂ ಒಂದು ಕಾರಣ. ಆದರೆ ಅವರ ಹೆಸರನ್ನಷ್ಟೇ ಹೇಳಿ ನಿಲ್ಲಿಸುವುದು ನ್ಯಾಯವಲ್ಲ.

ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು, ಜೊತೆಗೆ ಸಮುದ್ರದ ಭರತಿ. ಅಷ್ಟು ಮಳೆಯನ್ನು ಯಾವ ನಗರವೂ ನುಂಗಲಾರದು. ಆದರೆ ನಮ್ಮ ನಗರ ನುಂಗಬಹುದಾಗಿದ್ದಷ್ಟನ್ನೂ ನುಂಗಲಿಲ್ಲ. ಬ್ರಿಟಿಷರ ಕಾಲದ ಮಳೆನೀರಿನ ಗಟಾರುಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ, ಅದರಲ್ಲೂ ಅರ್ಧ ಮಳೆ ಮಣ್ಣಿಗಿಳಿಯುತ್ತದೆಂಬ ಊಹೆಯ ಮೇಲೆ ಕಟ್ಟಲಾಗಿತ್ತು. ಆಗ ಗದ್ದೆ, ತೋಟ, ಉಪ್ಪಿನಗದ್ದೆ, ಕೆಸರುಭೂಮಿ ಇದ್ದವು, ಊಹೆ ಸರಿಯಾಗಿತ್ತು. ನಂತರ ಅಂಗಳಕ್ಕೆಲ್ಲ ಕಾಂಕ್ರೀಟು, ಕಾರು ನಿಲ್ಲಿಸುವ ಜಾಗಕ್ಕೆಲ್ಲ ಪೇವರ್ ಬ್ಲಾಕು ಬಂದು, ಬಿದ್ದ ಮಳೆ ಬಹುಮಟ್ಟಿಗೆ ಗಟಾರಿಗೇ ಬರತೊಡಗಿತು. ಮಳೆ ಹೆಚ್ಚಾಗದಿದ್ದರೂ ಗಟಾರಿನ ಪಾಲಿಗೆ ಮಳೆ ಇಮ್ಮಡಿಯಾದಂತೆ.

ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿಯಿಂದ ಹೊರಟು ಸುಮಾರು 18 ಕಿಲೋಮೀಟರ್ ಹರಿದು ಸಮುದ್ರದ ಹಿನ್ನೀರಾದ ಮಾಹೀಮ್ ಖಾಡಿಯನ್ನು ಸೇರುವ ಮೀಠಿಯ ದಂಡೆಯಲ್ಲಿ ಗುಡಿಸಲುಗಳೂ ಗುಜರಿ ಗೋದಾಮುಗಳೂ ಇವೆ. ನದಿಯ ಮೇಲೆಯೇ ವಿಮಾನ ನಿಲ್ದಾಣದ ಓಡುಹಾದಿಯೂ ಇದೆ, ಅಲ್ಲಿ ನದಿ ಲಂಬಕೋನದಲ್ಲಿ ತಿರುಗಿದೆ. ಅದರ ಮುಖದ ಬಳಿ, ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಮ್ಯಾಂಗ್ರೋವ್ ಗಿಡಗಳ ಜೌಗುಭೂಮಿಯನ್ನು ತುಂಬಿಸಿ ಎಬ್ಬಿಸಿದ ಬಾಂದ್ರಾ–ಕುರ್ಲಾ ಕಚೇರಿ ಸಂಕುಲವಿದೆ. ಭರತಿಯ ನೀರು ಬಂದಾಗ ಹರಡಿಕೊಳ್ಳಲು ಇದ್ದ ಜಾಗ ಅದೇ. ಗುಡಿಸಲಿನವನು ಬೇರೆ ಜಾಗ ಸಿಗದೆ ದಂಡೆಗೆ ಬಂದ. ಗಾಜಿನ ಕಟ್ಟಡಗಳು ಬೇಕೆಂದೇ ಅಲ್ಲಿಗೆ ಬಂದವು, ನಕ್ಷೆ ಮಂಜೂರಾಗಿಯೇ ಬಂದವು. ಆ ರಾತ್ರಿ ಕುರ್ಲಾದಿಂದ ಮುಲುಂಡಿಗೆ ಎದೆಮಟ್ಟದ ನೀರಿನಲ್ಲಿ ನಡೆದವರಲ್ಲಿ ನಾನೂ ಒಬ್ಬ. ದಾರಿಯುದ್ದಕ್ಕೂ ಹಗ್ಗ ಹಿಡಿದು ನಮ್ಮನ್ನು ದಾಟಿಸಿದವರೂ, ಬಿಸ್ಕತ್ತು ಹಂಚಿದವರೂ ಆ ಗುಡಿಸಲುಗಳ ಜನರೇ ಆಗಿದ್ದರೆಂಬುದು ನಿಮ್ಮ ಸೊಸೈಟಿಯ ಸಭೆಯಲ್ಲಿ ಚರ್ಚೆಗೆ ಬಂದರೆ ಸಂತೋಷ.

ಪ್ರಶ್ನೆ: ಮಾಲ್ಥಸ್ ಹೇಳಿದ್ದು ಸುಳ್ಳಾಯಿತೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತೆವು, ನಿಜವಾಗುತ್ತಿದೆಯೆಂದು ಪರಿಸರ ವಿಜ್ಞಾನದ ತರಗತಿಯಲ್ಲಿ ಕಲಿತೆವು. ಪರೀಕ್ಷೆಯಲ್ಲಿ ಏನು ಬರೆಯಲಿ?
– ವಿದ್ಯಾರ್ಥಿನಿ, ಕಲೀನಾ

ಉತ್ತರ: ಪರೀಕ್ಷೆಯಲ್ಲಿ ಆಯಾ ಅಧ್ಯಾಪಕರಿಗೆ ಬೇಕಾದದ್ದನ್ನು ಬರೆಯಿರಿ, ಪರೀಕ್ಷೆ ಮುಗಿದ ಮೇಲೆ ಇದನ್ನು ಯೋಚಿಸಿ.

ಜನಸಂಖ್ಯೆ ಗುಣಿಸುತ್ತ ಹೋಗುತ್ತದೆ, ಆಹಾರ ಕೂಡಿಸುತ್ತ ಮಾತ್ರ ಹೋಗುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಮಾಲ್ಥಸ್ 1798ರಲ್ಲಿ ಬರೆದಾಗ ಭೂಮಿಯ ಮೇಲೆ ಸುಮಾರು 100 ಕೋಟಿ ಜನರಿದ್ದರು. 2022ರ ನವೆಂಬರ್ 15ಕ್ಕೆ 800 ಕೋಟಿ ತಲುಪಿದೆವೆಂದು ವಿಶ್ವಸಂಸ್ಥೆ ಗುರುತಿಸಿತು. ಈ ನಡುವೆ ಗಾಳಿಯ ಸಾರಜನಕದಿಂದ ಗೊಬ್ಬರ ಮಾಡುವುದನ್ನು ಮನುಷ್ಯ ಕಲಿತ, ಹೊಸ ತಳಿಗಳು ಬಂದವು, ನೀರಾವರಿ ಹಬ್ಬಿತು. ಆಹಾರ ಜನರಿಗಿಂತ ವೇಗವಾಗಿ ಬೆಳೆಯಿತು. ಹೊಟ್ಟೆ ತುಂಬಿದ ಸಮಾಜಗಳು ಹೆಚ್ಚು ಮಕ್ಕಳನ್ನು ಹೆರುವ ಬದಲು ಕಡಿಮೆ ಹೆತ್ತದ್ದು ಅವರು ಊಹಿಸದ ಇನ್ನೊಂದು ಸಂಗತಿ. ಇಷ್ಟರಮಟ್ಟಿಗೆ ಅವರು ಸೋತರು. ಆದರೆ ಆ ಗೆಲುವಿನ ಖರ್ಚು ಯಾರ ತಲೆಗೆ ಬಿತ್ತೆಂದು ನೋಡಬೇಕಾದರೆ, ಅಂತರ್ಜಲ ಇಳಿಯುತ್ತಿರುವ ಪಂಜಾಬಿನ ಕೊಳವೆಬಾವಿಗಳ ಆಳವನ್ನು ವರ್ಷ ವರ್ಷ ಅಳೆಯಬೇಕು.

1980ರಲ್ಲಿ ಅಮೆರಿಕದ ಜೀವವಿಜ್ಞಾನಿ ಪಾಲ್ ಎರ್ಲಿಕ್ ಮತ್ತು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಒಂದು ಪಂಥ ಕಟ್ಟಿದರು. ಜನ ಹೆಚ್ಚಿದಂತೆ ಐದು ಲೋಹಗಳ ಬೆಲೆ ಹತ್ತು ವರ್ಷಗಳಲ್ಲಿ ಏರುತ್ತದೆಂದು ಎರ್ಲಿಕ್, ಇಳಿಯುತ್ತದೆಂದು ಸೈಮನ್. 1990ಕ್ಕೆ ಎರ್ಲಿಕ್ ಸೋತು ಚೆಕ್ಕು ಕಳುಹಿಸಿದರು. ಇದನ್ನು ಅನೇಕರು ಜನಸಂಖ್ಯೆಯ ಭಯಕ್ಕೆ ಸಿಕ್ಕ ಅಂತಿಮ ಉತ್ತರವೆನ್ನುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ತಾಮ್ರಕ್ಕೆ ಒಡೆಯನಿದ್ದಾನೆ, ಬೆಲೆಯಿದೆ. ತುಟ್ಟಿಯಾದರೆ ಬೇರೊಂದನ್ನು ಹುಡುಕುತ್ತಾರೆ. ಥಾಣೆ ಖಾಡಿಗೆ, ಆಕಾಶಕ್ಕೆ ಒಡೆಯನೂ ಇಲ್ಲ, ಬೆಲೆಯೂ ಇಲ್ಲ. ಆದ್ದರಿಂದ ಅವು ತೀರುತ್ತಿರುವುದನ್ನು ಯಾವ ಪೇಟೆಯೂ ನಮಗೆ ತಿಳಿಸುವುದಿಲ್ಲ.

ಎರ್ಲಿಕ್ ಮತ್ತು ಜಾನ್ ಹೋಲ್ಡ್ರನ್ 70ರ ದಶಕದ ಆರಂಭದಲ್ಲಿ ಮುಂದಿಟ್ಟ ವಿಚಾರ ಹೆಚ್ಚು ಬಾಳಿಕೆ ಬಂದಿದೆ: ಪರಿಸರದ ಮೇಲಿನ ಹೊರೆಯೆಂದರೆ ಜನರ ಸಂಖ್ಯೆ, ಒಬ್ಬೊಬ್ಬರು ಬಳಸುವ ಪ್ರಮಾಣ, ಬಳಸುವ ತಂತ್ರ, ಈ ಮೂರರ ಗುಣಲಬ್ಧ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ ಒಬ್ಬ ಅಮೆರಿಕನ್ನನ ಪಾಲಿಗೆ ಅದರ ಏಳು ಪಟ್ಟು ಬರುತ್ತದೆ. ಆದರೆ ನಮ್ಮ 2 ಟನ್ನನ್ನು 140 ಕೋಟಿಯಿಂದ ಗುಣಿಸಿದಾಗ ನಾವು ಚೀನಾ, ಅಮೆರಿಕಗಳ ನಂತರದ ಮೂರನೆಯ ಸ್ಥಾನದಲ್ಲಿರುತ್ತೇವೆ. ತಲೆಯ ಸಂಖ್ಯೆ ಲೆಕ್ಕಕ್ಕಿಲ್ಲವೆನ್ನುವವರೂ ಅದೊಂದೇ ಲೆಕ್ಕವೆನ್ನುವವರೂ ಗುಣಾಕಾರದ ಒಂದೊಂದು ಅಂಕಿಯನ್ನು ಅಳಿಸಿಹಾಕುತ್ತಿದ್ದಾರೆ.

ಪ್ರಶ್ನೆ: ನಮ್ಮ ಮನೆಯ ಹತ್ತಿರದ ಖಾಡಿಗೆ ಪ್ರತಿ ವರ್ಷ ಸಾವಿರಾರು ಫ್ಲೆಮಿಂಗೋಗಳು ಬರುತ್ತವೆ. ಇಷ್ಟು ಜನರಿದ್ದರೂ ಹಕ್ಕಿಗಳು ಬರುತ್ತವೆಂದರೆ ಪರಿಸರ ಚೆನ್ನಾಗಿಯೇ ಇದೆ ಎಂದಲ್ಲವೇ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಐರೋಲಿ

ಉತ್ತರ: ನಿಮ್ಮ ಸಂತೋಷ ಕೆಡಿಸಲು ಮನಸ್ಸಿಲ್ಲ, ಆದರೆ ವಿಷಯ ತುಸು ತಿರುವುಮುರುವಾಗಿದೆ. ಇಲ್ಲಿ ಹೆಚ್ಚಾಗಿ ಕಾಣುವ ಚಿಕ್ಕ ಫ್ಲೆಮಿಂಗೋಗಳ ಮುಖ್ಯ ಆಹಾರ ಕೆಸರುನೀರಿನಲ್ಲಿ ಬೆಳೆಯುವ ನೀಲಿ–ಹಸಿರು ಪಾಚಿ. ಅವುಗಳ ಗರಿಗೆ ಗುಲಾಬಿ ಬಣ್ಣ ಬರುವುದೂ ಅದರಿಂದಲೇ. ಆ ಪಾಚಿಗೆ ಬೇಕಾದ ಸಾರಜನಕವೂ ರಂಜಕವೂ ಥಾಣೆ ಖಾಡಿಯಲ್ಲಿ ಧಾರಾಳವಾಗಿವೆ, ಏಕೆಂದರೆ ಎರಡೂ ದಂಡೆಗಳ ಊರುಗಳ ಕೊಳಚೆ ದಶಕಗಳಿಂದ ಅಲ್ಲಿಗೇ ಸೇರುತ್ತಿದೆ. ಕೆಲವು ವರ್ಷಗಳಲ್ಲಿ ಎಣಿಕೆ ಲಕ್ಷ ದಾಟಿರುವುದಕ್ಕೆ ಈ ಕೊಳಚೆಯೂ ಒಂದು ಕಾರಣವೆಂದು ಪಕ್ಷಿತಜ್ಞರು ಹೇಳುತ್ತಾರೆ. ಹಕ್ಕಿಗೆ ಹಬ್ಬವಾದ ಅದೇ ನೀರು ಮೀನಿಗೆ ಉಸಿರು ಕಟ್ಟಿಸುತ್ತದೆ. ಖಾಡಿಯಲ್ಲಿ ಬಲೆ ಬೀಸುವ ಕೋಳಿ ಸಮುದಾಯದ ಮೀನುಗಾರರನ್ನು ಕೇಳಿದರೆ ಅವರು ಚೆನ್ನಾಗಿದೆ ಎನ್ನಲಾರರು.

ರಾಷ್ಟ್ರೀಯ ಉದ್ಯಾನದ ಚಿರತೆಗಳ ಕಥೆಯೂ ಇದೇ ಜಾತಿಯದು. 104 ಚದರ ಕಿಲೋಮೀಟರ್ ಕಾಡಿನಲ್ಲಿ ಅಷ್ಟು ಚಿರತೆಗಳು ಹೇಗೆ ಬದುಕುತ್ತವೆಂದರೆ, ಕಾಡಂಚಿನಲ್ಲಿ ನಾವು ಚೆಲ್ಲುವ ಕಸಕ್ಕೆ ಬೀದಿನಾಯಿಗಳು ಬರುತ್ತವೆ, ನಾಯಿಗಳಿಗಾಗಿ ಚಿರತೆ ಬರುತ್ತದೆ. ಮನುಷ್ಯರು ಹೆಚ್ಚಾದಲ್ಲಿ ಪ್ರಾಣಿಪಕ್ಷಿಗಳೆಲ್ಲ ಅಳಿಯುತ್ತವೆಂದೇನೂ ಇಲ್ಲ. ನಮ್ಮ ಎಂಜಲಿಗೆ ಹೊಂದಿಕೊಳ್ಳಬಲ್ಲವು ಹೆಚ್ಚುತ್ತವೆ, ಹೊಂದಿಕೊಳ್ಳಲಾರದವು ಸದ್ದಿಲ್ಲದೆ ಹೋಗುತ್ತವೆ. ಹೋದದ್ದರ ಫೋಟೋ ತೆಗೆಯಲು ಬರುವುದಿಲ್ಲವಾದ್ದರಿಂದ ನಮಗೆ ಫ್ಲೆಮಿಂಗೋ ಮಾತ್ರ ಕಾಣುತ್ತದೆ. ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವಾದದ್ದು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಒಳ್ಳೆಯದೇ ಆಯಿತು. ಇನ್ನು ನಗರದ ಹೊಸ ಕೊಳಚೆ ಶುದ್ಧೀಕರಣ ಘಟಕಗಳು ಕೆಲಸ ಆರಂಭಿಸಿ ನೀರು ತಿಳಿಯಾದಾಗ ಹಕ್ಕಿಗಳ ಸಂಖ್ಯೆ ಇಳಿದರೆ ಗಾಬರಿಯಾಗಬೇಡಿ.

ಪ್ರಶ್ನೆ: ನಾವು ಹೊರಗಿನಿಂದ ಬಂದವರು ಸೇರಿಯೇ ಈ ನಗರಕ್ಕೆ ಇಷ್ಟು ಭಾರವಾಗಿದೆಯೆಂದು ನನಗೆ ಅನಿಸುತ್ತದೆ. ಮುಂದಿನ ವರ್ಷ ನಿವೃತ್ತನಾಗುತ್ತೇನೆ. ಊರಲ್ಲಿ ಮನೆ ಕಟ್ಟಿಸಿದ್ದೇನೆ. ಅಲ್ಲಿಗೇ ಹೋಗಿ ನೆಲೆಸಿದರೆ ಮುಂಬಯಿಗೆ ಸ್ವಲ್ಪ ಉಪಕಾರವಾದೀತೇ?
– ಖಾಸಗಿ ಕಂಪನಿಯ ನೌಕರರು, ವಸಾಯಿ

ಉತ್ತರ: ನೀವು ಹೋದರೆ ಜನಗಣತಿಯ ಒಂದು ಅಂಕಿ ಇಲ್ಲಿಂದ ಕಳೆದು ಅಲ್ಲಿಗೆ ಕೂಡುತ್ತದೆ, ಅಷ್ಟೆ. ಹೊರೆ ಕಡಿಮೆಯಾಗುತ್ತದೆಯೋ ಇಲ್ಲವೋ ಎಂಬುದು ಆ ಮನೆಯನ್ನು ನೋಡಿ ಹೇಳಬೇಕಾದದ್ದು. ಹಿಂದೆ ಚಾಳಿನ ಒಂದೇ ಖೋಲಿಯಲ್ಲಿ ಹತ್ತು ಹನ್ನೆರಡು ಮಂದಿ ನಮ್ಮೂರ ಹುಡುಗರು ಪಾಳಿಯ ಮೇಲೆ ಮಲಗುತ್ತಿದ್ದರು. ಅವರ ಮಕ್ಕಳಾದ ನಾವು ಇಲ್ಲೊಂದು ಫ್ಲಾಟು, ಊರಲ್ಲೊಂದು ಮಹಡಿ ಮನೆ ಎಂದು ಎರಡೆರಡು ಮಾಡಿಕೊಂಡಿದ್ದೇವೆ. ತಲೆಗಳು ಹೆಚ್ಚಿದ್ದಕ್ಕಿಂತ ಬೇಗ ಮನೆಗಳು ಹೆಚ್ಚಿವೆ. ಉಡುಪಿ, ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿರುವ, ದೈವದ ಕೋಲಕ್ಕೋ ಮೇ ತಿಂಗಳ ರಜೆಗೋ ತೆರೆಯುವ ಮುಂಬಯಿಯವರ ಮನೆಗಳನ್ನು ನೀವೂ ಕಂಡಿರುತ್ತೀರಿ. ಅವುಗಳ ಗೋಡೆಗೆ ಗುಡ್ಡ ಕಡಿದು ತಂದ ಕೆಂಪುಕಲ್ಲು, ಗಾರೆಗೆ ಹೊಳೆಯ ಒಡಲಿನಿಂದ ಎತ್ತಿದ ಮರಳು, ಅಂಗಳದ ಇಂಟರ್‌ಲಾಕಿಗೆ ಸಿಮೆಂಟು ಹೋಗಿದೆ. ಅಲ್ಲಿ ವಾಸಿಸುವವರ ಸಂಖ್ಯೆ ಮಾತ್ರ ಸೊನ್ನೆ.

ನಿಮ್ಮ ಮನೆ ಈಗಾಗಲೇ ಎದ್ದಿದೆಯಾದ್ದರಿಂದ ಅದರಲ್ಲಿ ಹೋಗಿ ವಾಸಿಸುವುದೇ ಸರಿ. ವಸಾಯಿಯ ಫ್ಲಾಟನ್ನು ಖಾಲಿ ಇಡದೆ ಯಾರಿಗಾದರೂ ಬಾಡಿಗೆಗೆ ಕೊಡಿ. ಊರಿನ ಅಂಗಳಕ್ಕೆ ಇನ್ನೂ ಇಂಟರ್‌ಲಾಕ್ ಹಾಕಿಸಿಲ್ಲದಿದ್ದರೆ ಹಾಕಿಸಬೇಡಿ. ಸೂರಿನ ನೀರು ಬಾವಿಯ ಬುಡಕ್ಕೆ ಇಳಿಯಲಿ, ಮಾರ್ಚಿನಲ್ಲಿ ನಿಮಗೂ ನೆರೆಮನೆಯವರಿಗೂ ಬೇಕಾಗುತ್ತದೆ.